ಎಂಆರ್‌ಐ ಸರಿಯಿತ್ತು, ನಿದ್ದೆ ಸರಿಯಿರಲಿಲ್ಲ

ಹಾಸಿಗೆ ಮೇಲೆ ಬಳೆಚೂರು ಬಿದ್ದಿದ್ದವು. ಹಸಿರು ಗಾಜಿನವು. ಒಂದು ಚೂರು ಬೆನ್ನಿಗೆ ಚುಚ್ಚಿ ನನಗೆ ಪೂರ್ತಿ ಎಚ್ಚರವಾಯಿತು. ಮಂಚದ ಆ ತುದಿಗೆ ಹೆಂಡತಿ ಎದ್ದು ಕೂತಿದ್ದಳು. ಎಡಗೈ ಮಣಿಕಟ್ಟನ್ನು ಸೆರಗಿನಿಂದ ಒತ್ತಿ ಹಿಡಿದಿದ್ದಳು.

“ಏನಾತು?” ಅಂದೆ.

“ನೀವೇ ಹೊಡದ್ರಿ. ‘ಹಿಡೀರಿ, ಬಿಡಬ್ಯಾಡ್ರಿ’ ಅಂತ ಒದರಿದ್ರಿ, ಆಮ್ಯಾಲ ಹೊಡದ್ರಿ.”

ನನಗೆ ನೆನಪಿದ್ದದ್ದು ಬೇರೆ. ಕನಸಿನಲ್ಲಿ ನಾನು ನಮ್ಮ ದಾಲ್ ಮಿಲ್ಲಿನ ಗೇಟಿನ ಹತ್ತಿರ ಇದ್ದೆ. ಇಬ್ಬರು ತೊಗರಿ ಚೀಲ ಹೊತ್ತು ಓಡುತ್ತಿದ್ದರು. ಒಬ್ಬ ನನ್ನ ಮೇಲೆ ತಿರುಗಿಬಿದ್ದ. ನಾನು ಅವನಿಗೆ ಹೊಡೆದೆ. ಆ ಏಟು ಬಿದ್ದದ್ದು ಇವಳ ಕೈಗೆ. ಮೂವತ್ತು ವರ್ಷ ಸಂಸಾರ ಮಾಡಿದ್ದೇವೆ. ಎಚ್ಚರದಲ್ಲಿ ಒಂದು ದಿನವೂ ಇವಳ ಮೇಲೆ ಕೈ ಎತ್ತಿದವನಲ್ಲ ನಾನು. ಆ ರಾತ್ರಿ ಇಬ್ಬರೂ ಮತ್ತೆ ಮಲಗಲಿಲ್ಲ. ಟಾರ್ಚ್ ಹಿಡಿದು ಗಾದಿ ಮೇಲಿನ ಚೂರುಗಳನ್ನು ಒಂದೊಂದೇ ಆರಿಸಿದೆವು.

ನನಗೀಗ 58. ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಈ ತೊಂದರೆ ಶುರುವಾಗಿ ನಾಲ್ಕು ವರ್ಷವಾಗಿತ್ತು. ಮೊದಲು ಬರೀ ಗೊಣಗಾಟ. ಆಮೇಲೆ ಕೂಗಾಟ. ಆಮೇಲೆ ಕೈಕಾಲು ಬೀಸುವುದು. ನಮ್ಮೂರಿನ ಬೇಸಿಗೆ ಗೊತ್ತಲ್ವಾ, 42, 43 ಡಿಗ್ರಿ. ರಾತ್ರಿ ಮಾಳಿಗೆ ಮೇಲೆ ಮಲಗುವುದು ಚಿಕ್ಕಂದಿನಿಂದ ರೂಢಿ. ಹಿಂದಿನ ವರ್ಷದ ಮೇ ತಿಂಗಳಲ್ಲಿ ಅಲ್ಲಿ ಮಲಗಿದ್ದಾಗ ಕನಸಿನಲ್ಲಿ ನಾಯಿ ಅಟ್ಟಿಸಿಕೊಂಡು ಬಂತು. ನಾನು ಎದ್ದು ಜಿಗಿದುಬಿಟ್ಟೆ. ಎರಡೇ ಹೆಜ್ಜೆ. ಕುಂಬಿ ಗೋಡೆಗೆ ಹಣೆ ಬಡಿದು ಅಲ್ಲೇ ಬಿದ್ದೆ. ಆ ಗೋಡೆ ನನ್ನ ಮೊಣಕಾಲಿಗಿಂತ ಸ್ವಲ್ಪ ಎತ್ತರ, ಅಷ್ಟೇ. ಅದನ್ನು ನೆನೆಸಿಕೊಂಡರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಅವ್ವ ಶರಣಬಸವೇಶ್ವರ ಗುಡಿಗೆ ಹರಕೆ ಹೊತ್ತಳು. ಪಕ್ಕದ ಮನೆಯವರು ಖಾಜಾ ಬಂದೇನವಾಜ್ ದರ್ಗಾದಿಂದ ದಾರ ತಂದುಕೊಟ್ಟರು. ಎರಡನ್ನೂ ಭಕ್ತಿಯಿಂದಲೇ ಒಪ್ಪಿಕೊಂಡೆ. ಆದರೆ ಡಾಕ್ಟರ್ ಹತ್ತಿರ ಹೋಗಿ ಸರಿಯಾಗಿ ಹೇಳಲಿಲ್ಲ. ‘ನಿದ್ದೆ ಚೆನ್ನಾಗಿ ಬರುತ್ತಿಲ್ಲ’ ಅಂತ ಅರ್ಧ ಮಾತು ಹೇಳಿದೆ. ಅವರು ಮನಸ್ಸಿನ ಚಿಂತೆಗೆ ಕೊಡುವ ಗುಳಿಗೆ ಬರೆದರು. ಅದನ್ನು ತಗೊಂಡ ಮೇಲೆ ಒದೆಯುವುದು ಜಾಸ್ತಿಯಾಯಿತು. ಖಿನ್ನತೆಗೆ ಕೊಡುವ ಕೆಲವು ಗುಳಿಗೆಗಳು ಇದೇ ತೊಂದರೆಯನ್ನು ಹೆಚ್ಚಿಸುತ್ತವೆ, ಕೆಲವರಲ್ಲಿ ಹೊಸದಾಗಿ ಹುಟ್ಟಿಸುತ್ತವೆ ಅಂತ ನನಗೆ ಆಮೇಲೆ ಗೊತ್ತಾದದ್ದು.

ಬಳೆ ಒಡೆದ ವಾರದಲ್ಲೇ ಬೀಗರ ಮನೆಯಲ್ಲಿ ಉಡಿ ತುಂಬುವ ಕಾರ್ಯಕ್ರಮ ಇತ್ತು. ಇವಳ ತೋಳಿನ ಮೇಲೆ ಹಳೆಯ ಕಲೆ, ಕೈಗೆ ಪಟ್ಟಿ. ಇವಳ ಅಕ್ಕ ನನ್ನನ್ನೊಮ್ಮೆ, ಆ ಪಟ್ಟಿಯನ್ನೊಮ್ಮೆ ನೋಡಿದರು. ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಅವತ್ತೇ ರಾತ್ರಿ ಇವಳು ಅಂದಳು, “ನಾಳೆ ನ್ಯೂರೋ ಡಾಕ್ಟರ್ ಕಡೆ ಹೋಗೂಣು. ನೀವು ಸುಮ್ನ ಕೂಡ್ರಿ, ನಾ ಹೇಳ್ತೀನಿ.”

ಹಾಗೇ ಆಯಿತು. ಡಾಕ್ಟರ್ ಹೆಣ್ಣುಮಗಳು, ನಮ್ಮ ಕಡೆಯವರೇ. ಐದು ನಿಮಿಷ ನನ್ನನ್ನು ಕೇಳಿದರು. ಅರ್ಧ ಗಂಟೆ ಇವಳನ್ನು ಕೇಳಿದರು. ರಾತ್ರಿ ಎಷ್ಟು ಗಂಟೆಗೆ? ಬೆಳಗಿನ ಜಾವದಲ್ಲಾ? ಎಬ್ಬಿಸಿದರೆ ತಕ್ಷಣ ಎಚ್ಚರವಾಗ್ತದಾ? ಕನಸು ನೆನಪಿರ್ತದಾ? ಕಣ್ಣು ಮುಚ್ಚಿರ್ತದಾ? ನಾಲಿಗೆ ಕಚ್ಚಿಕೊಂಡದ್ದು ಇದೆಯಾ? ಇವಳು ಪ್ರತಿಯೊಂದಕ್ಕೂ ಉತ್ತರ ಕೊಟ್ಟಳು. ಕೊನೆಗೆ ಮೊಬೈಲ್ ತೆಗೆದು ನನಗೂ ಹೇಳದೆ ಮಾಡಿಟ್ಟಿದ್ದ ವಿಡಿಯೋ ತೋರಿಸಿದಳು. ನಲವತ್ತು ಸೆಕೆಂಡಿನದ್ದು. ಡಾಕ್ಟರ್ ಅದನ್ನು ಮೂರು ಸಲ ನೋಡಿದರು.

ಆಮೇಲೆ ನನ್ನ ಕಡೆ ತಿರುಗಿದರು. “ಒಲಿ ಮ್ಯಾಲ ಹಾಲು ಉಕ್ಕಿ ಹೊತ್ತಿದ್ರ ನಿಮಗ ವಾಸನಿ ಬರ್ತದೇನ್ರಿ?”

“ಬರ್ತದ್ರಿ,” ಅಂದೆ.

“ಇಲ್ರಿ ಮೇಡಂ,” ಅಂದಳು ಇವಳು. “ಹೋದ ತಿಂಗಳು ಪಾತೇಲಿ ತಳ ಹತ್ತಿ ಕರ್ರಗ ಆಗಿತ್ತು. ಇವರು ಪಡಸಾಲ್ಯಾಗೇ ಪೇಪರ್ ಓದಕೋತ ಕುಂತಿದ್ರು.”

ಡಾಕ್ಟರ್ ಏನೂ ಅನ್ನದೆ ಬರೆದುಕೊಂಡರು. ಮಲಬದ್ಧತೆ ಇದೆಯಾ, ಕೈ ನಡುಗುತ್ತದಾ, ಅಕ್ಷರ ಸಣ್ಣದಾಗಿದೆಯಾ ಅಂತಲೂ ಕೇಳಿದರು. ನಿದ್ದೆಗೂ ಇದಕ್ಕೂ ಏನು ಸಂಬಂಧ ಅಂತ ನನಗೆ ಆಗ ತಿಳಿಯಲಿಲ್ಲ.

ಅವರು ಹೇಳಿದ್ದನ್ನು ನನಗೆ ಅರ್ಥವಾದಷ್ಟು ಬರೆಯುತ್ತೇನೆ. ನಾವು ಕನಸು ಜಾಸ್ತಿ ಕಾಣುವುದು ರೆಮ್ ನಿದ್ದೆಯಲ್ಲಿ. ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆ ಬೇಗ ಬೇಗ ಓಡಾಡುವ ನಿದ್ದೆ ಅದು. ಶಿಕಾಗೋದಲ್ಲಿ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಅನ್ನುವ ಇಬ್ಬರು ಇದನ್ನು 1953ರಲ್ಲಿ ಗುರುತಿಸಿದರು. ಆ ಹೊತ್ತಿನಲ್ಲಿ ಮೆದುಳು ಎದ್ದವರ ಮೆದುಳಿನ ಹಾಗೇ ಕೆಲಸ ಮಾಡುತ್ತಿರುತ್ತದೆ. ಆದರೆ ದೇಹ ಸಡಿಲ. ಉಸಿರಾಟದ ವಪೆ, ಕಣ್ಣು, ಇಂಥ ಕೆಲವನ್ನು ಬಿಟ್ಟು ಉಳಿದ ಸ್ನಾಯುಗಳಿಗೆ ಮೆದುಳಿನ ಕಾಂಡದಿಂದಲೇ ತಡೆ ಬಿದ್ದಿರುತ್ತದೆ. ಕನಸಿನಲ್ಲಿ ಓಡಿದರೂ ಹಾಸಿಗೆಯಲ್ಲಿ ಕಾಲು ಏಳುವುದಿಲ್ಲ. ನನ್ನಂಥವರಲ್ಲಿ ಆ ತಡೆ ಸಡಿಲಾಗಿರುತ್ತದೆ. ಇದಕ್ಕೆ ರೆಮ್ ನಿದ್ದೆಯ ವರ್ತನೆ ದೋಷ ಅನ್ನುತ್ತಾರೆ, ಡಾಕ್ಟರುಗಳ ಬಾಯಲ್ಲಿ ಆರ್‌ಬಿಡಿ. ಐವತ್ತು ದಾಟಿದ ಗಂಡಸರಲ್ಲಿ ಜಾಸ್ತಿ.

ಫ್ರಾನ್ಸಿನ ಮಿಶೆಲ್ ಜುವೆ ಬೆಕ್ಕುಗಳ ಮೇಲೆ ಮಾಡಿದ ಪ್ರಯೋಗದ ಬಗ್ಗೆಯೂ ಹೇಳಿದರು. ಕಾಂಡದ ಆ ಜಾಗಕ್ಕೆ ಪೆಟ್ಟು ಮಾಡಿದರೆ ಬೆಕ್ಕು ನಿದ್ದೆಯಲ್ಲೇ ಎದ್ದು, ಇಲ್ಲದ ಬೇಟೆಯ ಮೇಲೆ ಎರಗುತ್ತಿತ್ತಂತೆ. ಅದು 1960ರ ದಶಕದ ಮಾತು. ಮನುಷ್ಯರಲ್ಲೂ ಇದೇ ಕಾಯಿಲೆ ಇದೆ ಅಂತ ಅಮೆರಿಕದ ಮಿನೆಸೋಟಾದಲ್ಲಿ ಕಾರ್ಲೋಸ್ ಶೆಂಕ್, ಮಾರ್ಕ್ ಮಹೊವಾಲ್ಡ್ ಮತ್ತು ಅವರ ಜೊತೆಗಾರರು ಬರೆದು ತೋರಿಸಿದ್ದು 1986ರಲ್ಲಿ. ಅಂದರೆ ನಾನು ಹೈಸ್ಕೂಲು ಓದುವಾಗ ಈ ಕಾಯಿಲೆಗೆ ಹೆಸರೇ ಇರಲಿಲ್ಲ. ನಮ್ಮ ಅಜ್ಜನೂ ನಿದ್ದೆಯಲ್ಲಿ ಎತ್ತುಗಳನ್ನು ಬೈಯುತ್ತಿದ್ದ ಅಂತ ಅವ್ವ ಹೇಳುತ್ತಾಳೆ. ಅವನದೂ ಇದೇ ಇತ್ತೋ ಏನೋ, ಯಾರು ನೋಡಿದವರು?

ಮೊದಲು ಎಂಆರ್‌ಐ ಅಂದರು. ಮೆದುಳಿನ ಕಾಂಡದಲ್ಲಿ ಗಡ್ಡೆಯೋ, ಸಣ್ಣ ಪಾರ್ಶ್ವವಾಯುವೋ, ನರದ ಹೊದಿಕೆ ಸವೆದದ್ದೋ ಇದೆಯಾ ಅಂತ ನೋಡಲು. ಅದನ್ನು ನಮ್ಮೂರಲ್ಲೇ ಮಾಡಿಸಿದೆ.

ಏಪ್ರಿಲ್ ತಿಂಗಳು. ಹೊರಗೆ ಕೆಂಡದಂಥ ಬಿಸಿಲು, ಒಳಗೆ ಮೈ ನಡುಗುವಷ್ಟು ತಂಪು. ಮೊದಲು ಒಂದು ಫಾರಂ ತುಂಬಿಸಿಕೊಂಡರು. ಎದೆಯಲ್ಲಿ ಪೇಸ್‌ಮೇಕರ್ ಇದೆಯಾ, ಆಪರೇಷನ್ ಆಗಿ ಒಳಗೆ ಕ್ಲಿಪ್ಪು, ರಾಡು ಹಾಕಿದ್ದಾರಾ, ಎಂದಾದರೂ ಕಣ್ಣಿಗೆ ಕಬ್ಬಿಣದ ಚೂರು ಸಿಡಿದಿತ್ತಾ. ಈ ಕೊನೆಯದನ್ನು ವೆಲ್ಡಿಂಗ್ ಕೆಲಸದವರು ಮುಚ್ಚಿಡಬಾರದು. ಆ ಯಂತ್ರ 1.5 ಟೆಸ್ಲಾದ್ದು. ಭೂಮಿಯ ಕಾಂತಶಕ್ತಿಗಿಂತ ಮೂವತ್ತು ಸಾವಿರ ಪಟ್ಟಿಗೂ ಜಾಸ್ತಿ. ಸುಮ್ನೆ ನಿಂತಂತೆ ಕಂಡರೂ ಆ ಅಯಸ್ಕಾಂತ ಎಳೆಯುತ್ತಲೇ ಇರುತ್ತದೆ.

ವಾಚು, ಬೆಲ್ಟು, ಬೆಳ್ಳಿ ಉಡದಾರ ಎಲ್ಲ ಬಿಚ್ಚಿಟ್ಟೆ. ಆಮೇಲೆ ಟೆಕ್ನಿಷಿಯನ್ ಹುಡುಗ ಕೊರಳ ಕಡೆ ನೋಡಿ, “ಕಾಕಾ, ಕರಡಿಗೆನೂ ತಗೀಬೇಕಾಗ್ತದ್ರಿ” ಅಂದ. ತುಂಬಾ ಮೆತ್ತಗೆ ಹೇಳಿದ. ನಾನು ನಿಂತೇ ಇದ್ದೆ. ಎಂಟು ವರ್ಷದವನಿದ್ದಾಗ ದೀಕ್ಷೆ ಆದದ್ದು. ಅವತ್ತಿನಿಂದ ಇಷ್ಟಲಿಂಗ ಮೈಯಿಂದ ದೂರವಾದದ್ದಿಲ್ಲ. ಹೆಂಡತಿ ಮುಂದೆ ಬಂದು ಕೈ ಒಡ್ಡಿದಳು. ಶಿವದಾರ ಸಮೇತ ಅವಳ ಅಂಗೈಗೆ ಇಟ್ಟೆ. ಅವಳು ಅದನ್ನು ಸೆರಗಿನ ತುದಿಗೆ ಕಟ್ಟಿ, ತನ್ನ ಎದೆಗೆ ಒತ್ತಿಕೊಂಡು ಬಾಗಿಲಲ್ಲಿ ಕೂತಳು. ನಾನು ಹೊರಗೆ ಬರುವವರೆಗೂ ಹಾಗೇ ಕೂತಿದ್ದಳು.

ಕಿವಿಗೆ ಹತ್ತಿ, ಅದರ ಮೇಲೆ ಹೆಡ್‌ಫೋನು. ತಲೆಯ ಮೇಲೆ ಪಂಜರದಂಥ ಒಂದು ಮುಚ್ಚಳ. ಕೈಗೆ ಒಂದು ರಬ್ಬರ್ ಗುಂಡು, ಹೆದರಿಕೆಯಾದರೆ ಅದುಮಬೇಕು. ಹಲಗೆ ನಿಧಾನ ಒಳಗೆ ಸರಿಯಿತು. ಮೂಗಿನ ಮುಂದೆ ಒಂದು ಗೇಣು ಜಾಗವೂ ಇಲ್ಲ. ಆಮೇಲೆ ಸದ್ದು ಶುರು. ಟಕ್ ಟಕ್ ಟಕ್, ಆಮೇಲೆ ಗರ್ ಅಂತ ಉದ್ದಕ್ಕೆ. ಒಳಗಿನ ತಂತಿ ಸುರುಳಿಗಳಿಗೆ ಕರೆಂಟು ಬೇಗ ಬೇಗ ಬಿಟ್ಟು ನಿಲ್ಲಿಸುವಾಗ ಅವು ಅದುರಿ ಆ ಸದ್ದು ಬರುತ್ತದಂತೆ. ನಮ್ಮ ಮಿಲ್ಲಿನ ಜರಡಿ ಹೊಡೆತ ಕೇಳಿ ಕೇಳಿ ರೂಢಿಯಾದವನು ನಾನು. ಸದ್ದಿಗೆ ಹೆದರಲಿಲ್ಲ. ಅಲುಗಾಡಬಾರದು ಅನ್ನುವುದೇ ಕಷ್ಟವಾಯಿತು. ಅರ್ಧ ಗಂಟೆ ಶರಣರ ವಚನ ಒಂದೊಂದೇ ನೆನಪು ಮಾಡಿಕೊಂಡು ಮಲಗಿದೆ.

ಇದು ಎಕ್ಸ್‌ರೇ ಅಲ್ಲ, ಆ ಬಗೆಯ ಕಿರಣ ಇದರಲ್ಲಿ ಇಲ್ಲ. ನಮ್ಮ ಮೈಯ ನೀರಿನಲ್ಲಿ, ಕೊಬ್ಬಿನಲ್ಲಿ ಹೈಡ್ರೋಜನ್ ಇದೆ. ಅಯಸ್ಕಾಂತ ಅದರ ಕಣಗಳನ್ನು ಒಂದು ಸಾಲಿಗೆ ತರುತ್ತದೆ. ರೇಡಿಯೋ ಅಲೆ ಅವನ್ನು ತಟ್ಟುತ್ತದೆ. ಅವು ಮತ್ತೆ ಸಾಲಿಗೆ ಬರುವಾಗ ಕೊಡುವ ಸಂಕೇತದಿಂದ ಚಿತ್ರ ಮೂಡುತ್ತದೆ. ಈ ಕೆಲಸಕ್ಕಾಗಿ ಪಾಲ್ ಲಾಟರ್‌ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರಲ್ಲಿ ನೊಬೆಲ್ ಬಂತು.

ರಿಪೋರ್ಟು ಸಂಜೆ ಮಗನ ಮೊಬೈಲಿಗೆ ಬಂತು. ಅದರಲ್ಲಿ ‘ಅಲ್ಲಲ್ಲಿ ಬಿಳಿ ಚುಕ್ಕೆಗಳಿವೆ’ ಅನ್ನುವ ಅರ್ಥದ ಒಂದು ಸಾಲು. ಅವನು ಆ ಸಾಲನ್ನು ಹಿಡಿದು ಏನೇನೋ ಹುಡುಕಿ, ರಾತ್ರಿ ಊಟ ಬಿಟ್ಟ. ನಾವೂ ಬಿಟ್ಟೆವು. ರಿಪೋರ್ಟನ್ನು ಡಾಕ್ಟರ್ ಬಿಟ್ಟು ಬೇರೆಯವರು ಓದಿದರೆ ಹೀಗೇ ಆಗುತ್ತದೆ. ಆ ಚುಕ್ಕೆಗಳು ವಯಸ್ಸಾದವರಲ್ಲಿ, ಅದರಲ್ಲೂ ಬಿಪಿ ಇದ್ದವರಲ್ಲಿ ಸಾಮಾನ್ಯವಾಗಿ ಕಾಣುವ, ಸಣ್ಣ ರಕ್ತನಾಳ ಸವೆದ ಗುರುತುಗಳಂತೆ. ನನಗೆ ಬಿಪಿ ಬಂದು ಒಂಬತ್ತು ವರ್ಷ. ಗುಳಿಗೆ ತಪ್ಪಿಸಬೇಡಿ ಅಂತ ಡಾಕ್ಟರ್ ಗಟ್ಟಿಯಾಗಿ ಹೇಳಿದರು.

ಆಮೇಲೆ ಕಂಪ್ಯೂಟರಿನಲ್ಲಿ ನನ್ನ ಮೆದುಳನ್ನೇ ತೋರಿಸಿದರು. ಪಕ್ಕದಿಂದ ಸೀಳಿದ ಚಿತ್ರ. ಕೆಳಗೆ ಇಳಿಯುವ ಕಾಂಡ, ಅದರಲ್ಲಿ ಮುಂದಕ್ಕೆ ಉಬ್ಬಿದ ಒಂದು ಭಾಗ, ಜೋಳದ ದಂಟಿನ ಗೆಣ್ಣು ಇದ್ದ ಹಾಗೆ. ಅದು ಪಾನ್ಸ್. ಕೈಕಾಲಿಗೆ ತಡೆ ಹಾಕುವ ಸ್ವಿಚ್ಚು ಅಲ್ಲೇ, ಆ ಗೆಣ್ಣಿನ ಹಿಂಬದಿಗೆ ಇದೆ. “ಇಲ್ಲಿ ಎಲ್ಲಾ ಸ್ವಚ್ಛ ಅದ. ಗಡ್ಡಿ ಇಲ್ಲ, ಏನಿಲ್ಲ,” ಅಂದರು.

ನನಗೆ ಸಂತೋಷವಾಯಿತು. ಜೊತೆಗೆ ತಲೆ ಕೆಟ್ಟಿತು. ಎಲ್ಲ ಸರಿಯಿದ್ದರೆ ಇವಳ ಕೈ ಯಾಕೆ ಕೊಯ್ದಿತು? ನಿದ್ದೆ ಮಾಡುವಾಗಲೇ ಸ್ಕ್ಯಾನ್ ತೆಗೆಯಬಹುದಲ್ಲ ಅಂತ ಕೇಳಿದೆ. “ಆ ಸಪ್ಪಳದಾಗ ಮಕ್ಕೊಳ್ಳೂದೇ ಕಷ್ಟ. ಮಕ್ಕೊಂಡು ಕಾಲು ಬೀಸಿದ್ರ ಚಿತ್ರ ಕಲಸಿಹೋಗ್ತದ. ಸಂಶೋಧನಾ ಮಾಡೋರು ತಲಿಗೆ ಇಇಜಿ ವೈರ್, ಅಂದ್ರ ಮೆದುಳಿನ ಕರೆಂಟ್ ಅಳಿಯೂ ವೈರ್, ಹಚ್ಚಿ, ಸ್ಕ್ಯಾನರ್‌ನಾಗೇ ಮಲಗಿಸಿ ನೋಡ್ಯಾರ. ಆದ್ರ ಅದು ಎಲ್ಲಾರಿಗೂ ಮಾಡೂ ಪರೀಕ್ಷಾ ಅಲ್ಲ,” ಅಂದರು. ಆಮೇಲೆ ಇವಳಿಗೆ ತಿಳಿಯುವ ಹಾಗೆ ಹೇಳಿದರು: “ಎಂಆರ್‌ಐ ಮನಿ ಗ್ವಾಡಿ ಗಟ್ಟಿ ಅದ ಅಂತ ತೋರಸ್ತದ. ರಾತ್ರಿ ಒಳಗ ಲೈಟ್ ಯಾವಾಗ ಹತ್ತತದ, ಯಾವಾಗ ಆರತದ, ಅದು ಗ್ವಾಡಿ ನೋಡಿದ್ರ ಗೊತ್ತಾಗಂಗಿಲ್ಲ.”

ಈ ಮಾತು ನನಗೆ ತುಂಬಾ ಮುಖ್ಯ ಅನ್ನಿಸಿತು. ‘ಸ್ಕ್ಯಾನ್ ನಾರ್ಮಲ್’ ಅಂದ ಕೂಡಲೇ ಮನೆಯವರು ಕಾಯಿಲೆಯೇ ಇಲ್ಲ ಅಂದುಕೊಳ್ಳುತ್ತಾರೆ. ನಮ್ಮ ತಮ್ಮನೂ ಅದನ್ನೇ ಅಂದ. ರೊಕ್ಕ ಹೋಯಿತು, ಇನ್ನು ಸುಮ್ಮನಿರು ಅಂದ. ಅವತ್ತು ಅವನ ಮಾತು ಕೇಳಿದ್ದರೆ ನಾನು ಅಲ್ಲಿಗೇ ನಿಂತುಬಿಡುತ್ತಿದ್ದೆ.

ಮುಂದಿನದು ವಿಡಿಯೋ ಇರುವ ನಿದ್ದೆ ಪರೀಕ್ಷೆ. ಅದಕ್ಕಿಂತ ಮೊದಲು ಆ ಹಳೆಯ ಗುಳಿಗೆಯನ್ನು ಸ್ವಲ್ಪ ಸ್ವಲ್ಪ ಇಳಿಸಿ ನಿಲ್ಲಿಸಿದರು. ಒಮ್ಮೆಲೇ ಬಿಡಬಾರದು. ಜೂನ್‌ನಲ್ಲಿ ಹೈದರಾಬಾದಿಗೆ ಹೊರಟೆವು. ವಾಡಿ, ಸೇಡಂ, ತಾಂಡೂರು ದಾಟುವವರೆಗೂ ಇವಳು ಒಂದೇ ಮಾತು, “ಅಲ್ಲಿ ನಿದ್ದಿ ಬರಲಿಲ್ಲಂದ್ರ?” ನನಗೂ ಅದೇ ಚಿಂತೆ.

ರಾತ್ರಿ ಒಂಬತ್ತಕ್ಕೆ ಒಬ್ಬ ಹುಡುಗಿ ಬಂದು ಒಂದು ತಾಸು ಕೂತು ವೈರ್ ಅಂಟಿಸಿದಳು. ನೆತ್ತಿಗೆ, ಕಣ್ಣಿನ ಪಕ್ಕಕ್ಕೆ, ಗದ್ದಕ್ಕೆ, ತೋಳಿಗೆ, ಕಾಲಿಗೆ. ಎದೆಗೂ ಹೊಟ್ಟೆಗೂ ಪಟ್ಟಿ. ಮೂಗಿಗೆ ಸಣ್ಣ ನಳಿಕೆ. ಬೆರಳಿಗೆ ಆಕ್ಸಿಜನ್ ಕ್ಲಿಪ್ಪು. ಕತ್ತಲಲ್ಲೂ ಕಾಣುವ ಕ್ಯಾಮೆರಾ ಮೇಲೆ ಇತ್ತು. ಇಷ್ಟೆಲ್ಲ ಕಟ್ಟಿಕೊಂಡು ನಿದ್ದೆ ಬರುವುದಿಲ್ಲ ಅಂದುಕೊಂಡೆ. ಬಂತು.

ಬೆಳಿಗ್ಗೆ ಅಲ್ಲಿನ ಡಾಕ್ಟರ್ ಕೂರಿಸಿ ತೋರಿಸಿದರು. ಮೂವತ್ತು ಸೆಕೆಂಡಿಗೆ ಒಂದು ಪುಟದಂತೆ ಇಡೀ ರಾತ್ರಿ ಅಲ್ಲಿತ್ತು. ಬಹಳಷ್ಟು ಗೆರೆಗಳು. ಅವರು ಒಂದೇ ಗೆರೆಯ ಮೇಲೆ ಬೆರಳಿಟ್ಟರು, ಗದ್ದದ್ದು. ರೆಮ್ ನಿದ್ದೆಯಲ್ಲಿ ಅದು ಸಪಾಟಾಗಿ, ದಾರ ಎಳೆದ ಹಾಗೆ ಇರಬೇಕು. ನನ್ನದು ದಪ್ಪಗೆ, ಹುಲ್ಲು ಬೆಳೆದ ಹಾಗೆ ಇತ್ತು. ತೋಳಿನ ಗೆರೆಯೂ ಹಾಗೇ. ಉಸಿರು ಗಂಟೆಗೆ 4 ಸಲ ಮಾತ್ರ ತಡೆದಿತ್ತು. 5ರ ಒಳಗೆ ಇದ್ದರೆ ಸಹಜವಂತೆ. ಇದನ್ನು ನೋಡಲೇಬೇಕು, ಯಾಕೆಂದರೆ ಗೊರಕೆ ಹೊಡೆದು ಉಸಿರುಗಟ್ಟುವವರೂ ಕೆಲವೊಮ್ಮೆ ಹೀಗೇ ಕೈಕಾಲು ಬಡಿಯುತ್ತಾರೆ. ಅವರ ಮದ್ದು ಬೇರೆ. ಫಿಟ್ಸಿನ ಗುರುತೂ ಇರಲಿಲ್ಲ.

ಆಮೇಲೆ ವಿಡಿಯೋ. ಬೆಳಗಿನ ಜಾವ ನಾಲ್ಕು ದಾಟಿತ್ತು. ಬೂದು ಬಣ್ಣದ ಚಿತ್ರದಲ್ಲಿ ನಾನು ಮಲಗಿದ್ದೇನೆ. ಮೊದಲು ಬೆರಳು ಅಲುಗಿದವು. ತುಟಿ ಅಲುಗಿತು. ಆಮೇಲೆ ಬಲಗೈ ಮುಷ್ಟಿ ಕಟ್ಟಿ ಮೇಲೆದ್ದು, ಪಕ್ಕದ ಖಾಲಿ ಜಾಗಕ್ಕೆ ಜೋರಾಗಿ ಬಿತ್ತು. ಇವಳು ಮನೆಯಲ್ಲಿ ಮಲಗುವ ಬದಿ ಅದು. ನಾನು ಇವಳ ಮುಖ ನೋಡಲಾರದೆ ಹೋದೆ. ಇವಳು ನನ್ನ ಬೆನ್ನ ಮೇಲೆ ಕೈ ಇಟ್ಟು, “ನಿಮ್ಮ ಕೈಯಾಗ ಇಲ್ಲ ಅಂತ ನನಗ ಮೊದಲೇ ಗೊತ್ತಿತ್ತು,” ಅಂದಳು.

ಮದ್ದು ಸರಳ. ಮಲಗುವ ಮುಂಚೆ ಮೆಲಟೋನಿನ್ ಗುಳಿಗೆ, ಮೊದಲು 3 ಮಿಲಿಗ್ರಾಂ, ಎರಡು ತಿಂಗಳಾದ ಮೇಲೆ 6. ಕ್ಲೊನಜೆಪಾಮ್ ಅನ್ನುವುದೂ ಇದಕ್ಕೆ ಕೊಡುತ್ತಾರೆ. ಅದರಿಂದ ತೂಕಡಿಕೆ, ಬೀಳುವ ಭಯ ಇರುವುದರಿಂದ ನನಗೆ ಸದ್ಯಕ್ಕೆ ಬೇಡ ಅಂದರು. ಇದನ್ನು ಓದಿ ಯಾರೂ ತಾವಾಗಿ ಗುಳಿಗೆ ತಗೋಬೇಡಿ. ಅದರಷ್ಟೇ ಮುಖ್ಯವಾದದ್ದು ಮಲಗುವ ಕೋಣೆ. ಮಂಚ ತೆಗೆದು ಗಾದಿಯನ್ನು ನೆಲಕ್ಕೆ ಹಾಕಿದೆವು. ನಮ್ಮ ಮನೆಯ ನೆಲ ಶಹಾಬಾದ್ ಕಲ್ಲಿನದು. ಅದಕ್ಕೆ ಸುತ್ತ ಎರಡು ಹಳೆಯ ಕೌದಿ ಹಾಸಿದೆವು. ಮೂಲೆಯ ಕಬ್ಬಿಣದ ಪೆಟ್ಟಿಗೆ ಆಚೆ ಹೋಯಿತು. ಇವಳು ಪಕ್ಕದಲ್ಲೇ ಬೇರೆ ಗಾದಿ ಹಾಕಿಕೊಂಡಳು. ಮಾಳಿಗೆ ಮೇಲೆ ಮಲಗುವುದು ಬಂದ್.

ಈಗ ಕೂಗಾಟ ಇದೆ, ವಾರಕ್ಕೊಮ್ಮೆಯೋ ಎರಡು ಸಲವೋ. ಹೊಡೆತ ನಿಂತಿದೆ. ನಾಗರ ಪಂಚಮಿಗೆ ಇವಳು ಮತ್ತೆ ಗಾಜಿನ ಬಳೆ ಇಡಿಸಿಕೊಂಡಳು.

ಆ ವಾಸನೆಯ ಪ್ರಶ್ನೆ ಯಾಕೆ ಕೇಳಿದ್ದರು ಅಂತ ಕೊನೆಯ ಭೇಟಿಯಲ್ಲಿ ತಿಳಿಯಿತು. ನಮ್ಮಿಬ್ಬರನ್ನೂ ಕೂರಿಸಿ, ಕೇಳಲು ಇಷ್ಟವಿದೆಯಾ ಅಂತ ಮೊದಲು ಕೇಳಿ, ಆಮೇಲೆ ಹೇಳಿದರು. ಈ ಕಾಯಿಲೆ ಬಹಳ ಜನರಲ್ಲಿ ಪಾರ್ಕಿನ್ಸನ್ಸ್ (ಕೈ ನಡುಗುವ, ಮೈ ಬಿಗಿಯಾಗಿ ನಡಿಗೆ ನಿಧಾನವಾಗುವ ಮೆದುಳಿನ ಕಾಯಿಲೆ) ಅಥವಾ ಒಂದು ಬಗೆಯ ಮರೆವಿನ ಕಾಯಿಲೆಗಿಂತ ವರ್ಷಗಳ ಮುಂಚೆ ಬರುವ ಮುನ್ಸೂಚನೆ. 2019ರಲ್ಲಿ ಬಂದ ಅಧ್ಯಯನದಲ್ಲಿ 24 ಕೇಂದ್ರಗಳ 1,280 ಜನರನ್ನು ನೋಡಿದ್ದರು. ವರ್ಷಕ್ಕೆ ನೂರರಲ್ಲಿ ಆರು ಜನಕ್ಕೆ ಅಂಥ ಕಾಯಿಲೆ ಶುರುವಾಗಿತ್ತು. 12 ವರ್ಷ ಕಳೆಯುವಷ್ಟರಲ್ಲಿ ಅದು ಸುಮಾರು ನೂರಕ್ಕೆ 73. ವಾಸನೆ ಕುಂದುವುದು, ಮಲಬದ್ಧತೆ ಇದ್ದರೆ ಅಪಾಯ ಜಾಸ್ತಿ.

ಇದನ್ನು ನೋಡುವ ಸ್ಕ್ಯಾನ್‌ಗಳೂ ಇವೆ. ಡೋಪಮಿನ್ ಅಂದರೆ ಕೈಕಾಲು ಸಲೀಸಾಗಿ ಆಡಲು ಬೇಕಾದ ಮೆದುಳಿನ ಒಂದು ರಾಸಾಯನಿಕ; ಅದನ್ನು ಸಾಗಿಸುವ ಜಾಗವನ್ನು ತೋರಿಸುವ ಸ್ಕ್ಯಾನ್ ಒಂದು. ಸರಿಯಿದ್ದರೆ ಅದು ಅಲ್ಪವಿರಾಮದ ಆಕಾರದಲ್ಲಿ ಕಾಣುತ್ತದೆ, ಕುಂದಿದ್ದರೆ ಬಾಲ ಮಾಸಿ ಚುಕ್ಕೆಯಾಗುತ್ತದೆ. ಇನ್ನೊಂದು ವಿಶೇಷ ಎಂಆರ್‌ಐ, ಮೆದುಳಿನ ಕಾಂಡದ ಕಪ್ಪು ಬಣ್ಣದ ಜೀವಕೋಶಗಳು ಕಡಿಮೆಯಾಗಿವೆಯಾ ಅಂತ ಸಂಶೋಧಕರು ಅದರಲ್ಲಿ ನೋಡುತ್ತಾರೆ. ಮಾಡಿಸೋಣವಾ ಅಂತ ಮಗ ಕೇಳಿದ. ಬಂದ ಫಲಿತಾಂಶದಿಂದ ಇವತ್ತಿನ ಮದ್ದು ಬದಲಾಗುವುದಿಲ್ಲ, ಆ ಕಾಯಿಲೆಯನ್ನು ಮುಂಚೆಯೇ ತಡೆಯುವ ಗುಳಿಗೆ ಇನ್ನೂ ಬಂದಿಲ್ಲ ಅಂದರು ಡಾಕ್ಟರ್. ನಾನು ಬೇಡ ಅಂದೆ. ಬೇರೆಯವರಿಗೆ ತಿಳಿದುಕೊಳ್ಳಬೇಕು ಅನ್ನಿಸಬಹುದು, ಅದೂ ಸರಿಯೇ. ದಿನಾ ನಡೆಯಿರಿ, ಬಿಪಿ ಹತೋಟಿಯಲ್ಲಿಡಿ, ವರ್ಷಕ್ಕೊಮ್ಮೆ ಬನ್ನಿ ಅಂದರು. ಈಗ ಬೆಳಿಗ್ಗೆ ಐದೂವರೆಗೆ ಕೋಟೆಯ ಕಡೆ ನಾಲ್ಕು ಕಿಲೋಮೀಟರ್ ನಡೆಯುತ್ತೇವೆ, ಇಬ್ಬರೂ. ಇವಳ ಅಕ್ಕನಿಗೆ ಫೋನ್ ಮಾಡಿ ಎಲ್ಲವನ್ನೂ ನಾನೇ ಹೇಳಿದೆ. ಅವರು ಅತ್ತರು.

ಅಕ್ಷರ ಸಣ್ಣದಾಗುತ್ತಾ ಹೋಗುವುದೂ ಒಂದು ಗುರುತು ಅಂದಿದ್ದರಲ್ಲ. ಅದಕ್ಕೆ ಪ್ರತಿ ತಿಂಗಳ ಒಂದನೇ ತಾರೀಖು ಗೆರೆಯಿಲ್ಲದ ಒಂದು ನೋಟ್‌ಬುಕ್ಕಿನಲ್ಲಿ ಒಂದೇ ಸಾಲು ಬರೆಯುತ್ತೇನೆ: ‘ತೊಗರಿ ಬಂದದ್ದು, ಬೇಳೆ ಹೋದದ್ದು, ಬಾಕಿ ಉಳಿದದ್ದು.’ ಪಕ್ಕದಲ್ಲಿ ತಾರೀಖು. ಇಲ್ಲಿಯವರೆಗೆ ಹದಿಮೂರು ಸಾಲಾಗಿವೆ. ಬರೆದ ಮೇಲೆ ಇವಳು ಮೊಮ್ಮಗನ ಸ್ಕೇಲ್ ತಂದು ಮೊದಲ ಸಾಲಿಗೂ ಇವತ್ತಿನ ಸಾಲಿಗೂ ಇಟ್ಟು ನೋಡುತ್ತಾಳೆ. ಅಷ್ಟೇ ಉದ್ದ ಇದೆ.